ಒಂಬತ್ತು ಗಂಟೆ ಹತ್ತು ನಿಮಿಷ

ದಿಘಾ ಸ್ಟೇಷನ್ ಬರುವ ಮೊದಲೇ ಲೋಕಲ್ ನಿಂತುಬಿಟ್ಟಿತು. ಶಶಿಕಾಂತನ ಕೈ ತಾನಾಗಿಯೇ ಸೀಟಿನ ಅಂಚನ್ನು ಹಿಡಿದುಕೊಂಡಿತು. ಭಾನುವಾರದ ಬೆಳಗು, ಠಾಣೆಯಿಂದ ಪನವೇಲಿಗೆ ಹೋಗುವ ಗಾಡಿ, ಅರ್ಧಕ್ಕರ್ಧ ಖಾಲಿ. ಸಿಗ್ನಲ್ ಸಿಕ್ಕಿಲ್ಲ, ಅಷ್ಟೆ. ಎದುರು ಕೂತ ಹೆಂಗಸು ಮಡಿಲಲ್ಲಿ ಚೀಲ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ಗಾಡಿ ನಿಂತದ್ದು ಅವಳ ಬೆರಳುಗಳಿಗೆ ಗೊತ್ತೇ ಆದಂತಿರಲಿಲ್ಲ. ಓಡುವ ಗಾಡಿಯಲ್ಲಿ ಶಶಿಕಾಂತನಿಗೆ ಏನೂ ಆಗುವುದಿಲ್ಲ. ನಿಂತರೆ ಬೆನ್ನು ಬೆವರುತ್ತದೆ, ಕಣ್ಣು ಕಿಟಕಿಯಾಚೆ ನೆಲವನ್ನು ಹುಡುಕುತ್ತದೆ. ಊರಿಗೆ ಮರಳಿ ಮೂರು ತಿಂಗಳಾದರೂ ಇದು ಬಿಟ್ಟಿಲ್ಲ. ಹೆಂಡತಿ ವೈಶಾಲಿ ಇದನ್ನು ಯುದ್ಧದ ಹೆದರಿಕೆ ಎಂದು ತಿಳಿದಿದ್ದಾಳೆ, ನೆರೆಯವರಿಗೂ ಹಾಗೆಯೇ ಹೇಳಿದ್ದಾಳೆ. ಅವನು ಅದನ್ನು ತಿದ್ದಲು ಹೋಗಲಿಲ್ಲ. ಹೆದರಿಕೆ ಮರ್ಯಾದಸ್ಥರ ಕಾಯಿಲೆ. ಬಂದವರು ದನಿ ತಗ್ಗಿಸಿ ವಿಚಾರಿಸಿಕೊಂಡು ಹೋಗುತ್ತಾರೆ.

ಕಾಲ ಬಳಿ ಒಂದು ಡಜನ್ ಬಾಳೆಹಣ್ಣಿನ ಚೀಲವಿತ್ತು. ಠಾಣೆ ಪಕ್ಕದ ಕಳವಾ ಬಡಾವಣೆಯ ಮನೆಯಿಂದ ಹೊರಡುವಾಗ ತಾಯಿ ಮಹಾದೇವಕ್ಕ ಬಾಗಿಲ ತನಕ ಬಂದಿದ್ದಳು. “ಸತ್ತ ಮನಿಗೆ ಬರಿಗೈಲೆ ಹೋಗಬ್ಯಾಡ. ಹಂಗಂತ ಸಿಹಿನೂ ಒಯ್ಯಬ್ಯಾಡ. ಬಾಳಿಹಣ್ಣು ತಗೊಂಡು ಹೋಗು. ಆಕಿ ಮುಂದ ಕುಂತು ಎರಡು ಮಾತಾಡು. ಆಕಿ ಗಂಡನ್ನ ಕಡೀಕ ನೋಡಿದಾಂವ ನೀನ ಅಲ್ಲೇನು?” ಮುದುಕಿಯ ಬಾಯಿಂದ ಸಹಜವಾಗಿ ಬಿದ್ದ ಆ ಮಾತು ಠಾಣೆಯ ಸೇತುವೆ ಹತ್ತುವಾಗಲೂ ಬೆನ್ನಿಗಿತ್ತು, ಹಣ್ಣಿನವನ ಹತ್ತಿರ ಚೌಕಾಸಿ ಮಾಡುವಾಗಲೂ ಇತ್ತು. ಹತ್ತು ರೂಪಾಯಿ ಇಳಿಸಿಕೊಂಡು ನಾಲ್ಕು ಹೆಜ್ಜೆ ಬಂದ ಮೇಲೆ, ಸತ್ತ ಗೆಳೆಯ ಚೆನ್ನಯನ ಹೆಂಡತಿಗೆ ಒಯ್ಯುವ ಹಣ್ಣಿಗೆ ಚೌಕಾಸಿ ಮಾಡಿದೆನಲ್ಲಾ ಎಂದು ಮುಖ ಬಿಸಿಯಾಯಿತು. ಹಿಂದಿರುಗಿ ಹತ್ತು ರೂಪಾಯಿ ಕೊಟ್ಟರೆ ಹಣ್ಣಿನವನು ತನ್ನನ್ನು ಹುಚ್ಚ ಅಂದುಕೊಂಡಾನು ಎಂದು ಸುಮ್ಮನೆ ಗಾಡಿ ಹತ್ತಿದ್ದ.

ಚೆನ್ನಯನ ಹೆಂಡತಿ ಚಂಪಾ ಮೂರು ಸಲ ಫೋನು ಮಾಡಿದ್ದಳು. “ಒಮ್ಮೆ ಬಂದು ಹೋಗಿ. ಫೋನಿನಲ್ಲಿ ಬೇಡ.” ಮೊದಲ ಸಲ ಡ್ಯೂಟಿ ಇದೆ ಎಂದಿದ್ದ. ಎರಡನೇ ಸಲ ತಾಯಿಗೆ ಹುಷಾರಿಲ್ಲ ಎಂದಿದ್ದ. ಆಗ ಮಹಾದೇವಕ್ಕ ಪಕ್ಕದಲ್ಲೇ ಟಪಟಪನೆ ರೊಟ್ಟಿ ಬಡಿಯುತ್ತಿದ್ದಳು, ಆ ಸದ್ದು ಫೋನಿನೊಳಗೆ ಹೋಗಿರಬೇಕು. ಮೂರನೇ ಸಲ ಫೋನು ಎತ್ತಿದ್ದು ವೈಶಾಲಿ. ದಿನ, ಗಂಟೆ ಎಲ್ಲ ಅವಳೇ ಗೊತ್ತುಮಾಡಿದಳು. ಡ್ಯೂಟಿ ಎಂದರೆ ನವಿ ಮುಂಬಯಿಯ ಒಂದು ಮಾಲ್‌ನಲ್ಲಿ ಪ್ರಥಮ ಚಿಕಿತ್ಸೆಯ ಕೋಣೆ. ಹೊಸ ಚಪ್ಪಲಿ ಕಚ್ಚಿದ ಹುಡುಗಿಯರಿಗೆ ಪಟ್ಟಿ ಹಚ್ಚುವುದು, ಎಸ್ಕಲೇಟರಿನಲ್ಲಿ ಎಡವಿದ ಮುದುಕರ ಮೊಣಕಾಲಿಗೆ ಐಸ್ ಒತ್ತುವುದು. ಒಳ್ಳೆಯ ಕೆಲಸ, ಅಲ್ಲಿ ಯಾರೂ ಸಾಯುವುದಿಲ್ಲ. ಜನವರಿ ಇಪ್ಪತ್ತಾರರಂದು ಸೊಸೈಟಿಯ ಸೆಕ್ರೆಟರಿ ಹಿತೇಶ್ ಅವನನ್ನು ಧ್ವಜದ ಕಂಬದ ಹತ್ತಿರ ಕರೆದು ಶಾಲು ಹೊದಿಸಿ, “ಅಪನಾ ಫೌಜಿ ಡಾಕ್ಟರ್” ಎಂದು ಮೈಕಿನಲ್ಲಿ ಕೂಗಿದ್ದ. ಅವನು ಸೈನಿಕನೂ ಅಲ್ಲ, ಡಾಕ್ಟರೂ ಅಲ್ಲ. ಆದರೂ ಚಪ್ಪಾಳೆ ಬಿದ್ದಾಗ ಮೈಯಲ್ಲಿ ಒಂದು ಬೆಚ್ಚಗಿನ ಸುಖ ಹರಿದದ್ದು ನಿಜ. ನೆನೆದಾಗೆಲ್ಲ ಅವನಿಗೆ ಚಪ್ಪಾಳೆಗಿಂತ ಆ ಸುಖದ ಮೇಲೆ ಹೇಸಿಗೆಯಾಗುತ್ತದೆ.

ಗಾಡಿ ಅಲುಗಿ ಹೊರಟಿತು. ಐರೋಲಿ, ರಬಾಳೆ, ಘನಸೋಲಿ. ಸರಿಯಾಗಿ ಹೇಳಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಎಂದು ಅವನು ಮಾತುಗಳನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸತೊಡಗಿದ. ಸಾಲಾಗಿ, ಒಂದರ ಹಿಂದೆ ಒಂದು, ನಡುವೆ ಐವತ್ತು ಮೀಟರ್ ಅಂತರ. ಲಾರಿಗಳು ಹಾಗೆ ಹೋಗಬೇಕೆಂದು ಅಲ್ಲಿ, ಆ ಹೊರದೇಶದ ಯುದ್ಧಭೂಮಿಯಲ್ಲಿ, ದಿನಾ ಬೆಳಿಗ್ಗೆ ಹೇಳುತ್ತಿದ್ದರು. ಅವನ ಕಂಪನಿ ನಿರಾಶ್ರಿತರ ಶಿಬಿರಗಳಿಗೆ ನೀರು, ಔಷಧಿ ಸಾಗಿಸುತ್ತಿತ್ತು. ಅದರ ಡ್ರೈವರುಗಳಿಗೆ ಏನಾದರೂ ಆದರೆ ನೋಡಿಕೊಳ್ಳುವ ಮೆಡಿಕ್ ಅವನು. ಆರು ಲಾರಿ, ಹಿಂದೆ ಮುಂದೆ ನಾಲ್ಕು ಮಿಲಿಟರಿ ಗಾಡಿ, ನಡುವೆ ಉಕ್ಕಿನ ಹೊದಿಕೆಯ ಅವನ ಆಂಬುಲೆನ್ಸ್. ಅದರ ಕಿಟಕಿ ಅಂಗೈಯಷ್ಟು ಅಗಲ, ಗಾಜು ಬೆರಳಷ್ಟು ದಪ್ಪ. ನಿಯಮ ಒಂದೇ: ಏನೇ ಆಗಲಿ, ನಿಲ್ಲಬಾರದು. ಬದುಕಿರುವ ಗಾಯಾಳು ಇದ್ದರೆ ಮಾತ್ರ ಮೆಡಿಕ್ ಹೇಳಬೇಕು, ಕ್ಯಾಪ್ಟನ್ ನಿಲ್ಲಿಸುತ್ತಾನೆ, ಮೆಡಿಕ್ ಇಳಿಯುತ್ತಾನೆ. ಎಂಟು ತಿಂಗಳು ಅವನು ಯಾರಿಗಾಗಿಯೂ ಇಳಿಯುವ ಪ್ರಸಂಗ ಬರಲಿಲ್ಲ. ಭೇದಿ, ಜ್ವರ, ಚೇಳು ಕಡಿತ. ಮೆಸ್ಸಿನಲ್ಲಿ ಅನ್ನಕ್ಕೆ ನಿಂತಾಗ ಹಿಂದಿನಿಂದ ಕನ್ನಡ ಕೇಳಿಸಿತ್ತು, “ನೀವು ಬೊಂಬಾಯಿಯವರಾ ಡಾಕ್ಟ್ರೇ? ನಮ್ಮದು ಕಾಮೋಠೆ ಮಾರಾಯ್ರೆ,” ಎಂದು. ನೀರಿನ ಟ್ಯಾಂಕರಿನ ಚೆನ್ನಯ. ಊರು ಮೂಲ್ಕಿಯ ಕಡೆ, ಮೂವತ್ತು ವರ್ಷ ಪನವೇಲ್ ಹೈವೇಯಲ್ಲಿ ಟ್ರೇಲರ್ ಓಡಿಸಿದವನು. ಹೆಂಡತಿಯ ಜೊತೆ ತುಳುವಿನಲ್ಲಿ, ಮಗಳ ಜೊತೆ ಹಿಂದಿಯಲ್ಲಿ, ಇವನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದ. ಡ್ರೈವರುಗಳಿಗೆ ರಕ್ತ ನಿಲ್ಲಿಸುವ ಕಟ್ಟು ಕಲಿಸುವ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಬಿಗಿದು ತೋರಿಸಿ, “ಕಾಳಗದ ಕೋಳಿ ಕಾಲಿಗೆ ಬಾಳುಕತ್ತಿ ಕಟ್ಟಿದ ಕೈ ಡಾಕ್ಟ್ರೇ ಇದು, ಗಂಟು ಬಿಚ್ಚಿಕೊಳ್ಳುದಿಲ್ಲ,” ಎಂದು ನಕ್ಕಿದ್ದ. ಎರಡನೇ ತಿಂಗಳಿಗೆ ಡಾಕ್ಟ್ರೇ ಹೋಗಿ ಶಶಿಯಾಯಿತು.

ಆ ದಿನ ಒಣಗಿದ ಹಳ್ಳ ದಾಟುವಾಗ ಟ್ಯಾಂಕರಿನ ಕೆಳಗೆ ನೆಲ ಒಡೆಯಿತು. ಸದ್ದು ಆಮೇಲೆ ಬಂತು. ಟ್ಯಾಂಕರು ಮಗ್ಗುಲಾಗಿ ಮಲಗಿ ನೀರು ಕೆಂಪು ಮಣ್ಣಿನಲ್ಲಿ ಹರಿಯತೊಡಗಿತು. ಗುಡ್ಡದ ಕಡೆಯಿಂದ ಗುಂಡು. ಆಂಬುಲೆನ್ಸಿನ ಉಕ್ಕಿನ ಮೇಲೆ ಯಾರೋ ಚಿಲ್ಲರೆ ಎರಚಿದಂತೆ ಟಣ್ ಟಣ್. ಹಿಂದಿದ್ದ ಆಂಬುಲೆನ್ಸ್ ಟ್ಯಾಂಕರಿನ ಸಮೀಪಕ್ಕೆ ಬಂದು ತಡೆದಿತ್ತು. ಶಶಿಕಾಂತ ಕಿಟಕಿಯಿಂದ ನೋಡಿದ. ಇಪ್ಪತ್ತು ಹೆಜ್ಜೆ. ಡ್ರೈವರಿನ ಬಾಗಿಲಿನಿಂದ ಚೆನ್ನಯ ಅರ್ಧ ಹೊರಗೆ ಜೋತಾಡುತ್ತಿದ್ದ, ತಲೆ ಕೆಳಗೆ. ರೇಡಿಯೋದಲ್ಲಿ ಕ್ಯಾಪ್ಟನ್ ಕೇಳಿದ: “ಮೆಡಿಕ್, ಡ್ರೈವರ್?” ಚೆನ್ನಯ ತಲೆ ಎತ್ತಿದ. ಅಷ್ಟು ದಪ್ಪ ಗಾಜಿನ ಆಚೆಯಿಂದ ಒಳಗಿನ ಮುಖ ಕಾಣುವುದುಂಟೇ ಎಂದು ಆಮೇಲೆ ನೂರು ಸಲ ಯೋಚಿಸಿದ್ದಾನೆ. ಚೆನ್ನಯನ ಕೈ ಎದ್ದಿತು, ರಸ್ತೆ ದಾಟುವಾಗ ಗಾಡಿಯವನಿಗೆ ತಡೆ ಎಂದು ತೋರಿಸುವಂತೆ. ಇಪ್ಪತ್ತು ಹೆಜ್ಜೆ. ಶಶಿಕಾಂತನ ಬೆರಳು ಗುಂಡಿ ಒತ್ತಿತು, ಅವನ ಬಾಯಿ ಇಂಗ್ಲಿಷಿನಲ್ಲಿ, ತರಬೇತಿಯ ದನಿಯಲ್ಲಿ ಹೇಳಿತು: “ಡೆಡ್. ಕನ್ಫರ್ಮ್ಡ್.” ಗಾಡಿಗಳು ಹೊರಟವು. ಒಂಬತ್ತು ಗಂಟೆ ಹತ್ತು ನಿಮಿಷ ಎಂದು ರೇಡಿಯೋ ಪುಸ್ತಕದಲ್ಲಿ ಬರೆದುಕೊಂಡರು. ಮರುದಿನ ದೇಹ ತರಲು ಹೋದಾಗ ಅದು ಬಾಗಿಲಲ್ಲಿ ಇರಲಿಲ್ಲ. ಹತ್ತು ಅಡಿ ತೆವಳಿ ಟ್ಯಾಂಕರಿನ ನೆರಳಿಗೆ ಬಂದಿತ್ತು. ಅಂಗಿ ಹರಿದು ತೊಡೆಗೆ ಕಟ್ಟಿತ್ತು. ಗಂಟು ಬಿಚ್ಚಿರಲಿಲ್ಲ. ಜೊತೆಗಿದ್ದ ಸೈನಿಕರು ನೋಡುವ ಮೊದಲು ಶಶಿಕಾಂತ ಮಂಡಿಯೂರಿ, ಕತ್ತರಿಯಿಂದ ಆ ಕಟ್ಟನ್ನು ಕತ್ತರಿಸಿ, ಬಟ್ಟೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡ. ವರದಿ ಅವನೇ ಬರೆದ. ಸ್ಥಳದಲ್ಲೇ ಮರಣ, ಒಂಬತ್ತು ಹತ್ತು. ಬೇಸ್‌ನ ಡಾಕ್ಟರು ತಲೆ ಎತ್ತದೆ ಸಹಿ ಹಾಕಿದರು.

“ಮಾನಸರೋವರ್,” ಎಂದಿತು ಗಾಡಿಯೊಳಗಿನ ದನಿ. ಅವನು ಗಡಬಡಿಸಿ ಇಳಿದ. ಹಣ್ಣಿನ ಚೀಲ ಸೀಟಿನಡಿಯೇ ಉಳಿಯುತ್ತಿತ್ತು. ಬಟಾಣಿಯ ಹೆಂಗಸು “ಅಹೋ ಭಾವೂ” ಎಂದು ಕೂಗಿ ಬಾಗಿಲಿನಿಂದ ಕೈಗೆ ಕೊಟ್ಟಳು.

ಕಾಮೋಠೆಯ ಏಳು ಮಹಡಿಯ ಕಟ್ಟಡ, ಲಿಫ್ಟಿಗೆ ಬೀಗ. ನಾಲ್ಕನೇ ಮಹಡಿಯಲ್ಲಿ ಚಂಪಾ ಬಾಗಿಲು ತೆರೆದಳು. ಅಳುವ ಹೆಂಗಸನ್ನು ಅವನು ಎದುರು ನೋಡಿದ್ದ. ಇವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, “ಮೇಲೆ ಹತ್ತಿ ಬಂದ್ರಾ? ಲಿಫ್ಟು ಹಾಳಾಗಿ ತಿಂಗಳಾಯ್ತು. ಬನ್ನಿ, ಕೂತುಕೊಳ್ಳಿ. ನೀರು ಕುಡಿಯಿರಿ,” ಎಂದಳು. ಒಳಗೆ ಮಸಾಲೆಯ ವಾಸನೆ. ಗೋಡೆಗೆ ಒತ್ತಿ ಸ್ಟೀಲಿನ ಡಬ್ಬಗಳ ಸಾಲು. ಹದಿನಾಲ್ಕು ಆಫೀಸಿಗೆ ಊಟ ಕಳಿಸುತ್ತಾಳಂತೆ, ಗಂಡ ಇದ್ದಾಗಲೂ ಕಳಿಸುತ್ತಿದ್ದಳಂತೆ. ಫೋಟೋದಲ್ಲಿ ಚೆನ್ನಯ ಸೂಟು ಹಾಕಿದ್ದ. ಸ್ಟುಡಿಯೋದವರು ಅಂಟಿಸಿದ ಸೂಟು. ಕುತ್ತಿಗೆಯ ಹತ್ತಿರ ಗೆರೆ ಕಾಣುತ್ತಿತ್ತು.

“ಹೇಳಿ,” ಎಂದಳು ಚಂಪಾ, ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು. “ಕಂಪನಿಯವರು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದಾರೆ. ನನಗೆ ನಿಮ್ಮ ಬಾಯಲ್ಲಿ ಕೇಳಬೇಕು.”

ಅವನು ಹೇಳಿದ. ಗಾಡಿಯಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಬಂದ ಮಾತುಗಳು ಒಂದೊಂದಾಗಿ ಬಂದವು. “ಸ್ಫೋಟ ಆತು, ವೈನಿ. ನಾನು ಓಡಿ ಹೋದೆ. ನಾಡಿ ನೋಡಿದೆ, ಇರಲಿಲ್ಲ. ಅಣ್ಣಾಗ ಏನೂ ಗೊತ್ತ ಆಗಿಲ್ಲ. ಮುಖದ ಮ್ಯಾಲ ಒಂದು ಗಾಯ ಸೈತ ಇರಲಿಲ್ಲ. ಮಲಗಿದಂಗ ಇದ್ರು.” ಹೇಳುತ್ತಾ ಹೇಳುತ್ತಾ ಕಣ್ಣು ತೇವವಾಯಿತು. ಆ ಕಣ್ಣೀರು ಸುಳ್ಳಲ್ಲ ಎಂದು ಅವನಿಗೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ಕಸಿವಿಸಿಯಾಯಿತು.

ಚಂಪಾ ಪೂರ್ತಿ ಕೇಳಿದಳು. ಆಮೇಲೆ ಎದ್ದು ಒಳಗೆ ಹೋಗಿ ಕಾಗದವೊಂದನ್ನೂ ತನ್ನ ಫೋನನ್ನೂ ತಂದು ಟೀಪಾಯಿಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಳು.

“ಇದರಲ್ಲಿ ಒಂಬತ್ತು ಹತ್ತು ಅಂತ ಉಂಟು. ಅಲ್ಲಿಯ ಗಂಟೆ ಅಲ್ವಾ? ನಮ್ಮ ಲೆಕ್ಕಕ್ಕೆ ಮೂರೂವರೆ ಗಂಟೆ ಸೇರಿಸಬೇಕು ಅಂತ ಅವರು ಯಾವಾಗ್ಲೂ ಹೇಳ್ತಿದ್ರು, ನಾನು ಹೊತ್ತಲ್ಲದ ಹೊತ್ತಿಗೆ ಫೋನ್ ಮಾಡ್ತೇನೆ ಅಂತ. ಅಂದ್ರೆ ಹನ್ನೆರಡು ನಲ್ವತ್ತು. ಸರಿಯಾ?”

“ಹೌದ್ರಿ.”

“ಇದು ಬಂದದ್ದು ಒಂದು ಇಪ್ಪತ್ತೈದಕ್ಕೆ.” ಅವಳು ಫೋನಿನ ಮೇಲೆ ಬೆರಳಿಟ್ಟಳು.

ಗಾಳಿಯ ಸದ್ದು. ಉಸಿರು, ಭಾರವಾದದ್ದು, ಮೂಗಿನಿಂದ ಅಲ್ಲ ಬಾಯಿಂದ. ಆಮೇಲೆ ಚೆನ್ನಯನ ದನಿ, ಪಕ್ಕದ ಕೋಣೆಯಲ್ಲಿ ಕೂತು ಮಾತಾಡುವಷ್ಟು ಹತ್ತಿರ. ತುಳು. ಶಶಿಕಾಂತನಿಗೆ ತುಳು ಬರುವುದಿಲ್ಲ. ಅರ್ಧ ನಿಮಿಷದ ಆ ಮಾತಿನಲ್ಲಿ ಅವನಿಗೆ ಗುರುತು ಸಿಕ್ಕಿದ್ದು ಒಂದೇ ಶಬ್ದ: ಅವನ ಹೆಸರು. ಎರಡು ಸಲ ಬಂತು. ಉಳಿದದ್ದರಲ್ಲಿ ಬೈಗಳಿದೆಯೇ ಎಂದು ದನಿಯ ಏರಿಳಿತದಲ್ಲಿ ಹುಡುಕಿದ. ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಟ್‌ವರ್ಕ್ ಸಿಗದೆ ಮೆಸೇಜು ತಡವಾಗಿ ಬಂದಿರಬೇಕು ವೈನಿ, ಎನ್ನುವ ವಾಕ್ಯ ಅವನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ನಿಂತಿತು. ಎಷ್ಟು ಬೇಗ ಸಿದ್ಧವಾಯಿತು ಎಂದು ಅವನಿಗೇ ಭಯವಾಯಿತು.

“ಏನಂದ್ರು?” ಎಂದ.

ಚಂಪಾ ಶಾಲೆಯ ಪಾಠ ಒಪ್ಪಿಸುವಂತೆ ಹೇಳಿದಳು. “ಗಾಡಿ ಪಲ್ಟಿ ಆಯ್ತು ಅಂತಾರೆ. ಕಾಲಿಗೆ ತಾಗಿದೆ, ಕಟ್ಟಿಕೊಂಡಿದ್ದೇನೆ, ಶಶಿ ಹೇಳಿಕೊಟ್ಟ ಹಾಗೆ. ಬೇರೆ ಗಾಡಿಗಳು ಮುಂದೆ ಹೋದವು. ‘ಶಶಿ ತೂತೆ, ಪೋಡ್ಯೊಡ್ಚಿ’ ಅಂತಾರೆ. ಶಶಿ ನೋಡಿದ್ದಾನೆ, ಹೆದರಬೇಡ ಅಂತ.”

ಕೆಳಗೆ ರಸ್ತೆಯಲ್ಲಿ ಗುಜರಿಯವನು ಕೂಗುತ್ತಾ ಹೋದ. ಶಶಿಕಾಂತ ತನ್ನ ಅಂಗೈಗಳನ್ನು ನೋಡಿಕೊಂಡ.

“ನೀವು ಮೆಡಿಕಲ್ ಕಲಿತವರು. ಒಂದು ಕೇಳ್ತೇನೆ, ಅದಕ್ಕಾದ್ರೂ ಸರಿಯಾಗಿ ಹೇಳಿ,” ಎಂದಳು ಚಂಪಾ. “ಕಾಲಿಗೆ ಪೆಟ್ಟಾಗಿ, ಹಾಗೆ ಕಟ್ಟಿಕೊಂಡ ಮನುಷ್ಯ ಎಷ್ಟು ಹೊತ್ತು ಇರ್ತಾನೆ?”

ಅವನು ತಲೆ ಎತ್ತಲಿಲ್ಲ. “ಕಟ್ಟು ಛಲೋ ಇತ್ತು,” ಎಂದ. ಆ ದಿನದ ನಂತರ ಅವನ ಬಾಯಿಂದ ಬಂದ ಮೊದಲ ನಿಜ ಅದು. “ಮೂರು ತಾಸು. ನಾಕು ತಾಸು. ಯಾರರ ಬಂದಿದ್ರ… ಬದುಕತಿದ್ರು. ಕಾಲು ಹೋಗತಿತ್ತು, ಜೀವ ಉಳೀತಿತ್ತು.”

“ನಾಲ್ಕು ಗಂಟೆ,” ಎಂದಳು ಅವಳು. “ನಾನು ಇದನ್ನು ಕೇಳಿದ್ದು ಸಂಜೆ ನಾಲ್ಕಕ್ಕೆ. ಡಬ್ಬ ಕಳಿಸಿ, ಪಾತ್ರೆ ತೊಳೆದು, ಮಲಗಿ ಎದ್ದು ಕೇಳಿದೆ. ಕಾಲಿಗೆ ತಾಗಿದೆ ಅಂದ್ರಲ್ಲ, ಶಶಿ ಇದ್ದಾರಲ್ಲ ಅಂತ ಏನೂ ಅನಿಸ್ಲಿಲ್ಲ. ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ. ಫೋನ್ ಮಾಡ್ಲಿಲ್ಲ. ಹೊತ್ತಲ್ಲದ ಹೊತ್ತು ಅಂತ ಬೈತಾರೆ ಅಂತ.” ಫೋನನ್ನು ತಿರುಗಿಸಿ ಅವನಿಗೆ ತೋರಿಸಿದಳು. ದನಿಯ ಪಟ್ಟಿಯ ಕೆಳಗೆ ಹಳದಿ ಹೆಬ್ಬೆರಳು, ಅದರ ಪಕ್ಕದಲ್ಲಿ ಎರಡು ಬೂದು ಟಿಕ್ ಗುರುತು. ಅತ್ತ ಯಾರೂ ನೋಡದೆ, ನೀಲಿಯಾಗದೇ ಉಳಿದ ಗುರುತು.

ಶಶಿಕಾಂತ ಕುರ್ಚಿಯಿಂದ ಜಾರಿ ನೆಲಕ್ಕೆ ಮಂಡಿಯೂರಿದ. ಅವಳ ಕಾಲು ಹಿಡಿಯಬೇಕೆಂದಿದ್ದ. ಚಂಪಾ ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು, ಎಂಜಲು ನೀರು ಹರಿದು ಬಂದರೆ ಎಳೆದುಕೊಳ್ಳುವಂತೆ. “ಬೇಡ. ಏಳಿ. ಇದೆಲ್ಲ ಮಾಡಿ ನಿಮಗೆ ಹಗುರ ಆಗ್ತದೆ. ಏಳಿ ಮೇಲೆ.”

ಅವನು ಎದ್ದ. ಪ್ಯಾಂಟಿನ ಮಂಡಿಗೆ ಹಿಟ್ಟು ಹತ್ತಿತ್ತು.

“ಕಂಪನಿಗೆ ಬರಿಯಿರಿ, ವೈನಿ. ನಾನು ಸಹಿ ಹಾಕ್ತೀನಿ. ನನ್ನ ಕೆಲಸ ಹೋದ್ರ ಹೋಗ್ಲಿ, ಕೇಸ್ ಆಗಲಿ…”

“ಕೇಸ್ ಮಾಡಿ ನಾನು ಎಂತ ಮಾಡ್ಲಿ? ಸೋನಾಲಿಗೆ ಹತ್ತೊಂಬತ್ತು. ಅಪ್ಪ ಒಂದೇ ಸಲಕ್ಕೆ ಹೋದ್ರು, ನೋವಾಗ್ಲಿಲ್ಲ ಅಂತ ನಂಬಿ ಈಗಷ್ಟೆ ಊಟ ಮಾಡ್ಲಿಕ್ಕೆ ಸುರು ಮಾಡಿದ್ದಾಳೆ. ಅವಳಿಗೆ ಇದನ್ನು ಕೇಳಿಸಿದ್ರೆ ಅಪ್ಪ ಇನ್ನೊಮ್ಮೆ ಸಾಯ್ತಾರೆ. ಈ ಸಲ ಮೆಲ್ಲ, ನಾಲ್ಕು ಗಂಟೆ.” ಫೋನನ್ನು ಸೆರಗಿನೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಅವಳು ಖಾರ್ಘರಿಗೆ ಕ್ಲಾಸಿಗೆ ಹೋಗಿದ್ದಾಳೆ. ಈಗ ಬರ್ತಾಳೆ. ಅಪ್ಪನ ಜೊತೆ ಇದ್ದವರ ಹತ್ರ ಮಾತಾಡ್ಬೇಕು ಅಂತ ನನ್ನ ತಲೆ ತಿಂದದ್ದು ಅವಳೇ. ನಿಮ್ಮನ್ನು ಕರೆಸಿದ್ದು ಅದಕ್ಕೆ. ನನಗೆ ಮೊದಲು ಹೇಳಿದ್ರಲ್ಲ, ಓಡಿ ಹೋದೆ, ನಾಡಿ ನೋಡಿದೆ, ಮಲಗಿದ ಹಾಗೆ ಇದ್ರು. ಅದನ್ನೇ ಹೇಳಿ. ಚಂದ ಹೇಳಿದ್ರಿ ನೀವು.”

ಅವನಿಗೆ ಬಾಗಿಲು ಕಾಣುತ್ತಿತ್ತು. ನಾಲ್ಕು ಮಹಡಿ, ಆಮೇಲೆ ರಿಕ್ಷಾ, ಆಮೇಲೆ ಗಾಡಿ. ಎದ್ದು ಹೋದರೆ ಇವಳು ತಡೆಯುವುದಿಲ್ಲ. ಮಗಳಿಗೆ ಏನಾದರೊಂದು ನೆಪ ಹೇಳುತ್ತಾಳೆ. ಇಲ್ಲವೇ ಮಗಳ ಮುಂದೆ ಎಲ್ಲವನ್ನೂ ಹೇಳಿಬಿಡಬಹುದು, ಒಮ್ಮೆ ಗಂಡಸಾಗಬಹುದು. ಆದರೆ ಆ ಗಂಡಸುತನಕ್ಕೂ ಕೊಡಬೇಕಾದ ಬೆಲೆ ಬೇರೆಯವರದೇ ಆಗಿರುತ್ತದೆ ಎಂದು ಅವನಿಗೆ ಹೊಳೆಯಿತು. ಹೊಳೆದದ್ದು ವಿವೇಕವೋ, ಅಂಗೈಯಗಲದ ಕಿಟಕಿಯ ಹಿಂದೆ ಕೂತ ಅದೇ ಮನುಷ್ಯನ ಇನ್ನೊಂದು ಲೆಕ್ಕಾಚಾರವೋ ಬಿಡಿಸಿ ನೋಡುವಷ್ಟರಲ್ಲಿ ಬೀಗದ ಕೈ ತಿರುಗಿತು.

ಸೋನಾಲಿ ಥೇಟ್ ಚೆನ್ನಯ. ಅದೇ ಅಗಲ ಹಣೆ, ಅದೇ ಸ್ವಲ್ಪ ಮುಂದೆ ಬಂದ ಹಲ್ಲು. ಚೀಲ ಕೆಳಗಿಡುವ ಮೊದಲೇ ಅವನನ್ನು ಗುರುತಿಸಿ, “ಶಶಿ ಅಂಕಲ್?” ಎಂದಳು. “ಪಪ್ಪಾ ಆಪಕೀ ಬಹುತ್ ಬಾತ್ ಕರತೇ ಥೇ.” ಅಪ್ಪ ಇವನ ಮಾತನ್ನೇ ಆಡುತ್ತಿದ್ದರಂತೆ. ಬಂದು ಅವನ ಪಕ್ಕದಲ್ಲೇ ಕೂತಳು. ಬೆರಳಿನಿಂದ ಬೆರಳು ಹಿಸುಕಿಕೊಳ್ಳುತ್ತಾ, ತಾಯಿಯ ಕಡೆ ಒಮ್ಮೆ ನೋಡಿ, ಕೇಳಿದಳು: “ಅಂಕಲ್, ಸಚ್ ಬತಾನಾ. ದರ್ದ್ ಹುವಾ ಥಾ ಕ್ಯಾ ಉನಕೋ?”

“ಇಲ್ಲವಾ,” ಎಂದ ಶಶಿಕಾಂತ. “ನೋವು ಏನೂ ಆಗಲಿಲ್ಲ.”

ಹುಡುಗಿಯ ಭುಜಗಳು ಕುಸಿದವು. ಅವಳು ಅತ್ತಳು, ಆದರೆ ಅದು ಬಿಗಿದುಕೊಂಡ ಏನೋ ಸಡಿಲವಾದ ಅಳು. ಮೂಗು ಒರೆಸಿಕೊಂಡು ತನ್ನ ಫೋನು ತೆಗೆದಳು. ಮೂಲ್ಕಿಯಲ್ಲಿ ಅಪ್ಪನ ತಾಯಿ ಇದ್ದಾಳಂತೆ, ಬರಲಾಗುವುದಿಲ್ಲವಂತೆ, ದಿನಾ ಫೋನು ಮಾಡಿ ನನ್ನ ಮಗ ಹೇಗೆ ಹೋದ, ಯಾರು ಜೊತೆಗಿದ್ದರು ಎಂದು ಕೇಳುತ್ತಾಳಂತೆ. “ಅಂಕಲ್, ಪ್ಲೀಸ್, ಅಜ್ಜಿ ಕೇ ಲಿಯೇ ರೆಕಾರ್ಡ್ ಕರ್ ಲೂಂ? ಕನ್ನಡ ಮೇಂ ಬೋಲಿಯೇ. ಶುರೂ ಸೇ.”

ಅವನು ಚಂಪಾಳ ಮುಖ ನೋಡಿದ. ಒಬ್ಬಳ ಮುಂದೆ ಹೇಳಿ ಎದ್ದು ಹೋಗುವುದು ಬೇರೆ. ಇದು ಉಳಿಯುತ್ತದೆ, ಮುದುಕಿ ದಿನಾ ಕೇಳುತ್ತಾಳೆ, ಬಂದವರಿಗೆಲ್ಲ ಕೇಳಿಸುತ್ತಾಳೆ, ಇವನ ದನಿಯಲ್ಲಿ, ಇವನ ಹೆಸರಿನಲ್ಲಿ. ಬೇಡವೆನ್ನಲಿ ಎಂದು ಅವನ ಕಣ್ಣು ಬೇಡಿಕೊಂಡಿತು. ಚಂಪಾ ಎದ್ದು ಗೋಡೆಯ ಹತ್ತಿರ ಹೋಗಿ ಫ್ಯಾನು ಆರಿಸಿದಳು.

“ಸದ್ದು ಬರ್ತದೆ,” ಎಂದಳು. ಅಡುಗೆಮನೆಯ ಕಿಟಕಿಯನ್ನೂ ಮುಚ್ಚಿ ಬಂದು ಕೂತಳು. “ಹ್ಞಾಂ, ಹೇಳಿ. ಸ್ವಲ್ಪ ಜೋರಾಗಿ ಹೇಳಿ. ಅತ್ತೆಗೆ ಕಿವಿ ಮಂದ.”

ಕೋಣೆಯಲ್ಲಿ ಗಾಳಿ ನಿಂತಿತು. ಸೋನಾಲಿ ಫೋನನ್ನು ಅವನ ಗದ್ದದ ಹತ್ತಿರ ಹಿಡಿದು ತಲೆಯಾಡಿಸಿದಳು. “ಅಜ್ಜೀ, ನಾನು ಶಶಿಕಾಂತ,” ಎಂದು ಶುರುಮಾಡಿದ. ಸ್ಫೋಟ ಹೇಳಿದ. ಓಡಿ ಹೋದದ್ದು ಹೇಳಿದ. ಇಪ್ಪತ್ತು ಹೆಜ್ಜೆ ಎಂದು ಈ ಸಲ ಎಣಿಸಿಯೂ ಹೇಳಿದ. ಚೆನ್ನಯನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ ಎಂದ, ಬಾಯಿಗೆ ನೀರು ಬಿಟ್ಟೆ ಎಂದ. ಹುಡುಗಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಚಂಪಾ ಅವನ ಬಾಯಿಯನ್ನೇ ನೋಡುತ್ತಿದ್ದಳು, ಒಂದು ಶಬ್ದವೂ ಆಚೀಚೆ ಆಗದ ಹಾಗೆ. ಬೆವರು ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯಿತು. ಗಂಟೆ ಎಷ್ಟಾಗಿತ್ತು ಎಂದು ಅಜ್ಜಿ ಕೇಳಬಹುದೆಂದು ಅದನ್ನೂ ಹೇಳಿದ. ಅವನ ದನಿ ಎಲ್ಲಿಯೂ ತಡವರಿಸಲಿಲ್ಲ.